ಎರಡನೆಯ ಸ್ಯಾಂಡರ್ ಕೊಳ್ಳುವ ಮುನ್ನ

ಒಂದು ಭಾನುವಾರ ಮನೆಯ ಜಗಲಿಯಲ್ಲಿ ಎರಡು ಗಂಟೆಗಳ ಕಾಲ ಹಲಸಿನ ಹಲಗೆಯೊಂದನ್ನು ಸ್ಯಾಂಡರಿನಿಂದ ಉಜ್ಜಿ, ಅಸರ್ ನಮಾಝಿಗೆ ವುಝೂ ಮಾಡಲು ಕುಳಿತೆ. ಮೂಗಿಗೆ ನೀರೆಳೆದು ಹೊರಬಿಟ್ಟಾಗ ಬಂದದ್ದು ಹಳದಿ ನೀರು. ಎರಡನೆಯ ಬಾರಿಯೂ ಹಳದಿ, ಮೂರನೆಯ ಬಾರಿಯೂ ಹಳದಿ. ಹಲಸಿನ ತಿರುಳಿನಲ್ಲಿ ಹಳದಿ ಬಣ್ಣವಿದೆ, ಬೌದ್ಧ ಭಿಕ್ಷುಗಳ ಬಟ್ಟೆಗೆ ಅದರಿಂದ ಬಣ್ಣ ಕಟ್ಟುತ್ತಿದ್ದರು ಎಂದು ಹಿಂದೆಲ್ಲೋ ಓದಿದ್ದೆ. ಆ ಬಣ್ಣ ನನ್ನ ಮೂಗಿನೊಳಗೂ ಕುಳಿತಿದೆಯೆಂದು ಅಂದು ಗೊತ್ತಾಯಿತು. ಕೆಲಸ ಮಾಡುವಾಗ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡೇ ಇದ್ದೆ.

ಆ ಹೊತ್ತಿಗೆ ನಾನು ಎರಡನೆಯ ಸ್ಯಾಂಡರ್ ಕೊಳ್ಳಲು ಹಣ ಕೂಡಿಟ್ಟಿದ್ದೆ. ಮೊದಲನೆಯದು ಗಲ್ಫಿನಿಂದ ರಜೆಯಲ್ಲಿ ಬಂದ ಭಾವ ಕೊಟ್ಟದ್ದು. ಅಂಗೈಯಲ್ಲಿ ಹಿಡಿದು ಉಜ್ಜುವ ಪುಟ್ಟ ಯಂತ್ರ. ಅದರಿಂದ ಎರಡು ಸ್ಟೂಲು, ಒಂದು ಪುಸ್ತಕದ ಕಪಾಟು, ಕುರ್‌ಆನ್ ಇಟ್ಟು ಓದುವ ಕೆಲವು ರೆಹಾಲುಗಳನ್ನು ಮಾಡಿದ್ದೆ. ಆದರೆ ಅಜ್ಜನ ಹಳೆಯ ಮನೆ ಕೆಡವಿದಾಗ ಸಿಕ್ಕ ಹಲಸಿನ ಬಾಗಿಲ ಹಲಗೆಗಳಿಂದ ಮಗಳಿಗೊಂದು ಓದುವ ಮೇಜು ಮಾಡಹೊರಟಾಗ ಆ ಯಂತ್ರ ಸೋತಿತು. ಮೂರು ಭಾನುವಾರ ಉಜ್ಜಿದರೂ ಹಲಗೆಯ ಏರುತಗ್ಗು ಹೋಗಲಿಲ್ಲ. ಒಂದು ಮೂಲೆಗೆ ಪಾಲಿಶ್ ಹಚ್ಚಿ ನೋಡಿದರೆ, ಬರಿಗಣ್ಣಿಗೆ ಕಾಣದಿದ್ದ ಸಣ್ಣ ಸಣ್ಣ ಸುರುಳಿ ಗೀರುಗಳು ಮರದ ತುಂಬ ಎದ್ದು ಕಂಡವು. ಇನ್ನು ದೊಡ್ಡ ಯಂತ್ರವೇ ಬೇಕು, ಬೆಲ್ಟ್ ಸ್ಯಾಂಡರ್ ತಂದುಬಿಡೋಣ ಎಂದು ತೀರ್ಮಾನಿಸಿದ್ದೆ.

ಆ ಹಣದಲ್ಲಿ ಬೆಲ್ಟ್ ಸ್ಯಾಂಡರ್ ಬರಲಿಲ್ಲ. ಅದು ಏಕೆ ಬರಲಿಲ್ಲ, ಅದರ ಬದಲು ಏನು ಬಂತು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ. ಮರಗೆಲಸವನ್ನು ಹವ್ಯಾಸವಾಗಿ ಹಿಡಿದವರು ಈಗ ನಮ್ಮ ನಡುವೆ ಕಡಿಮೆಯಿಲ್ಲ. ಮೊಬೈಲಿನಲ್ಲಿ ವೀಡಿಯೋ ನೋಡಿ ಕಲಿತ ಯುವಕರಿದ್ದಾರೆ. ನಿವೃತ್ತರಿದ್ದಾರೆ, ಗಲ್ಫ್ ಬಿಟ್ಟು ಬಂದವರಿದ್ದಾರೆ, ಮನೆಯ ಹಳೆಯ ಪೀಠೋಪಕರಣಗಳಿಗೆ ಹೊಸ ರೂಪ ಕೊಡುವ ಸಹೋದರಿಯರೂ ಇದ್ದಾರೆ. ಅವರೆಲ್ಲರ ಮುಂದೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ.

ಕೈಗೆಲಸದ ಗೌರವ

ಮರಗೆಲಸವು ನಮಗೆ ಅಪರಿಚಿತವಾದ ಹವ್ಯಾಸವಲ್ಲ. ಪ್ರವಾದಿ ನೂಹ್(ಅ)ರ ನಾವೆ ಹಲಗೆಗಳಿಂದ ಕಟ್ಟಲ್ಪಟ್ಟಿತ್ತು. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಮದೀನಾದ ಮಸೀದಿಯಲ್ಲಿ ಪ್ರವಾದಿವರ್ಯ(ಸ)ರು ನಿಂತು ಪ್ರವಚನ ನೀಡಿದ ಮಿಂಬರ್ ಕೂಡ ಒಬ್ಬ ಬಡಗಿಯ ಕೈಯಿಂದ ಮರದಲ್ಲಿ ಮೂಡಿದ್ದು. ಕೈಯಾರೆ ದುಡಿಯುವುದಕ್ಕೂ ಮಾಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವುದಕ್ಕೂ ಇಸ್ಲಾಮ್ ಕೊಟ್ಟ ಬೆಲೆ ದೊಡ್ಡದು.

ಅದರ ಜೊತೆಗೇ ಇನ್ನೆರಡು ಪಾಠಗಳಿವೆ. ಒಂದು, ಅಗತ್ಯ ಮೀರಿದ ದುಂದು ಬೇಡ. ಇನ್ನೊಂದು, ತನ್ನಿಂದ ತನಗಾಗಲಿ ಇತರರಿಗಾಗಲಿ ಹಾನಿಯಾಗದಂತೆ ನೋಡಿಕೊಳ್ಳಬೇಕು. ಎರಡನೆಯದು ಫಿಕ್‌ಹ್‌ನ ಮೂಲ ಸೂತ್ರಗಳಲ್ಲೊಂದು. ಮದ್ರಸದಲ್ಲಿ ಓದುವಾಗ ಈ ಸೂತ್ರಕ್ಕೆ ನೆರೆಮನೆಯ ಬಾವಿಯ, ಗೋಡೆಯ ಉದಾಹರಣೆ ಕೇಳಿದ್ದೆ. ಅದು ನನ್ನ ಜಗಲಿಯ ಮರದ ಹುಡಿಗೂ ಅನ್ವಯಿಸುತ್ತದೆಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಸ್ಯಾಂಡರ್ ಕೊಳ್ಳುವಾಗ ಈ ಎರಡು ಪಾಠಗಳೂ ನೆರವಿಗೆ ಬರುತ್ತವೆ.

ಮೊದಲನೆಯದು ಏಕೆ ಸೋಲುತ್ತದೆ?

ಹವ್ಯಾಸಿಗಳಲ್ಲಿ ಅನೇಕರು ಮೊದಲು ಕೊಳ್ಳುವುದು ಅಥವಾ ಉಡುಗೊರೆಯಾಗಿ ಪಡೆಯುವುದು ಚೌಕ ತಳದ ಆರ್ಬಿಟಲ್ ಸ್ಯಾಂಡರ್. ಅಂಗಡಿಯಲ್ಲಿ ಸಿಗುವ ಸ್ಯಾಂಡ್ ಪೇಪರಿನ ಪೂರ್ತಿ ಹಾಳೆ 230 ಮಿ.ಮೀ. ಅಗಲ, 280 ಮಿ.ಮೀ. ಉದ್ದವಿರುತ್ತದೆ. ಅದನ್ನು ನಾಲ್ಕಾಗಿ ಹರಿದು ಒಂದು ತುಂಡನ್ನು ಈ ಯಂತ್ರದ ತಳಕ್ಕೆ ಸಿಕ್ಕಿಸುತ್ತೇವೆ. ಯಂತ್ರ ನಡೆಯುವಾಗ ತಳವು ಗಿರಗಿರನೆ ತಿರುಗುವುದಿಲ್ಲ. ನಿಮಿಷಕ್ಕೆ ಸುಮಾರು 14,000 ಬಾರಿ, ಒಂದೆರಡು ಮಿ.ಮೀ. ಅಗಲದ ಪುಟ್ಟ ವೃತ್ತದಲ್ಲಿ ಅಲುಗಾಡುತ್ತದೆ. ಕಾಗದದ ಮೇಲಿನ ಪ್ರತಿಯೊಂದು ಹರಳೂ ತನ್ನ ಪುಟ್ಟ ವೃತ್ತವನ್ನೇ ಮತ್ತೆ ಮತ್ತೆ ತುಳಿಯುತ್ತದೆ. ಆದ್ದರಿಂದಲೇ ಇದು ನಿಧಾನ. ಆದ್ದರಿಂದಲೇ ಪಾಲಿಶ್ ಹಚ್ಚಿದಾಗ ಸುರುಳಿ ಗೀರು ಎದ್ದು ಕಾಣುವುದು.

ಹಾಗೆಂದು ಇದು ಕೆಟ್ಟ ಯಂತ್ರವಲ್ಲ. ತಳ ಚೌಕವಾಗಿರುವುದರಿಂದ ಪೆಟ್ಟಿಗೆಯ ಒಳಮೂಲೆಯ ಹತ್ತಿರದವರೆಗೆ ಹೋಗುತ್ತದೆ. ಯಾವ ಹಾರ್ಡ್‌ವೇರ್ ಅಂಗಡಿಯ ಕಾಗದವೂ ಇದಕ್ಕೆ ಆಗುತ್ತದೆ. ಹಗುರ, ಅಂಚನ್ನು ಉರುಟು ಮಾಡುವುದು ಕಡಿಮೆ. ಪ್ರೈಮರ್ ಅಥವಾ ವಾರ್ನಿಶ್‌ನ ಎರಡು ಲೇಪಗಳ ನಡುವೆ ಮೆಲ್ಲನೆ ಉಜ್ಜಲು ಇದಕ್ಕಿಂತ ಸೌಮ್ಯವಾದ ಯಂತ್ರವಿಲ್ಲ. ಎರಡನೆಯದು ಬಂದ ಮೇಲೆ ಇದನ್ನು ಮಾರಿಬಿಡುವ ಯೋಚನೆ ಬೇಡ. ಇದರ ಕೈಲಾಗದ ಕೆಲಸ ಯಾವುದು, ಅದಕ್ಕೆ ಯಾವ ಯಂತ್ರ ಎಂದಷ್ಟೇ ಕೇಳಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ನಮ್ಮೂರಿನ ಹಿರಿಯ ಆಚಾರಿಯೊಬ್ಬರು ನನಗೆ ಹೇಳಿದ್ದೂ ಇದನ್ನೇ. ಬೆಲ್ಟ್ ಸ್ಯಾಂಡರ್ ತರುತ್ತೇನೆಂದಾಗ ಅವರು ಮಾತಾಡದೆ ಹಲಗೆಯನ್ನೆತ್ತಿ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದರು. "ಮಾಷ್ಟ್ರೇ, ಇಲ್ಲಿ ಎರಡು ಕಾಯಿಲೆ ಇದೆ. ಹಲಗೆ ಸಮ ಇಲ್ಲ, ಅದು ಒಂದು. ಗೀರು ಉಳಿದಿದೆ, ಅದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಅಲ್ಲ" ಎಂದರು.

"ಬೆಲ್ಟಿನಲ್ಲಿ ಎರಡೂ ಹೋಗುವುದಿಲ್ಲವಾ ಆಚಾರ್ರೇ?"

"ಎರಡೂ ಹೋಗುತ್ತದೆ. ಹಲಗೆಯೂ ಹೋಗುತ್ತದೆ" ಎಂದು ನಕ್ಕರು.

ನಾಲ್ಕು ದಾರಿಗಳು

ಎರಡನೆಯ ಸ್ಯಾಂಡರ್ ಎಂದಾಗ ಸಾಮಾನ್ಯವಾಗಿ ನಾಲ್ಕು ಬಗೆಯ ಯಂತ್ರಗಳು ಕಣ್ಣ ಮುಂದೆ ಬರುತ್ತವೆ.

ಮೊದಲನೆಯದು ಬೆಲ್ಟ್ ಸ್ಯಾಂಡರ್. ಎರಡು ಉರುಳೆಗಳ ಮೇಲೆ ಸ್ಯಾಂಡ್ ಪೇಪರಿನ ಪಟ್ಟಿಯೊಂದು ಒಂದೇ ದಿಕ್ಕಿಗೆ ವೇಗವಾಗಿ ಓಡುತ್ತದೆ. 75 ಮಿ.ಮೀ. ಅಗಲ, 533 ಮಿ.ಮೀ. ಉದ್ದದ ಬೆಲ್ಟ್ ಸಾಮಾನ್ಯ ಅಳತೆ, 100 ಮಿ.ಮೀ. ಅಗಲದ ದೊಡ್ಡ ಯಂತ್ರಗಳೂ ಇವೆ. ಒರಟು ಹಲಗೆ, ಹಳೆಯ ದಪ್ಪ ಬಣ್ಣ, ಮಳೆಗಾಲದಲ್ಲಿ ಉಬ್ಬಿ ನೆಲಕ್ಕೆ ತಾಗುವ ಬಾಗಿಲು ಇಂಥವಕ್ಕೆಲ್ಲ ಇದು ಬಲಭೀಮ. ಆದರೆ ಭಾರ ಹೆಚ್ಚು, ಕೈಯಿಂದ ಎಳೆದುಕೊಂಡು ಓಡುತ್ತದೆ. ಒಂದು ಕ್ಷಣ ಒಂದೇ ಕಡೆ ನಿಂತರೆ ಅಲ್ಲಿ ಗುಳಿ. ಸ್ವಲ್ಪ ಓರೆಯಾದರೆ ಅಂಚಿನಲ್ಲಿ ಕಾಲುವೆ. ಪ್ಲೈವುಡ್‌ನ ಮೇಲ್ಪದರವು ಕಾಗದದಷ್ಟೇ ತೆಳುವಾಗಿರುವುದರಿಂದ ಬೆಲ್ಟ್ ತಾಗಿದ ಕೆಲವೇ ಕ್ಷಣಗಳಲ್ಲಿ ಒಳಗಿನ ಪದರ ಹೊರಬೀಳುತ್ತದೆ. ವಾರಕ್ಕೊಮ್ಮೆ ಯಂತ್ರ ಹಿಡಿಯುವ ಹವ್ಯಾಸಿಯ ಕೈ ಅದಕ್ಕೆ ಪಳಗುವ ಹೊತ್ತಿಗೆ ಒಂದೆರಡು ಒಳ್ಳೆಯ ಹಲಗೆಗಳು ಬಲಿಯಾಗಿರುತ್ತವೆ.

ಎರಡನೆಯದು ರಾಂಡಮ್ ಆರ್ಬಿಟಲ್ ಸ್ಯಾಂಡರ್. ತಳ ಗುಂಡಗಿರುತ್ತದೆ, 125 ಮಿ.ಮೀ. ಅಡ್ಡಗಲ ಹೆಚ್ಚು ಪ್ರಚಲಿತ. ಈ ತಳವು ಪುಟ್ಟ ವೃತ್ತದಲ್ಲಿ ಅಲುಗಾಡುವುದರ ಜೊತೆಗೆ ತನ್ನಷ್ಟಕ್ಕೆ ತಿರುಗಲೂ ಸ್ವತಂತ್ರವಾಗಿರುತ್ತದೆ. ಎರಡು ಚಲನೆಗಳು ಸೇರುವುದರಿಂದ ಯಾವ ಹರಳೂ ತಾನು ನಡೆದ ದಾರಿಯಲ್ಲೇ ಮತ್ತೆ ನಡೆಯುವುದಿಲ್ಲ. ಗೀರುಗಳು ಒಂದರ ಮೇಲೊಂದು ಬಿದ್ದು ಪರಸ್ಪರ ಅಳಿಸಿಹೋಗುತ್ತವೆ. ಕೆಲಸವೂ ಚೌಕ ಸ್ಯಾಂಡರಿಗಿಂತ ಬೇಗ. ಬಾಗಿಲ ಚೌಕಟ್ಟಿನಂತೆ ಒಂದು ಹಲಗೆಯ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇರುವ ಜೋಡಣೆಗಳಲ್ಲಿ ನಾರಿನ ದಿಕ್ಕು ನೋಡುತ್ತ ಕೂರಬೇಕಾಗಿಲ್ಲ. ಕೊರತೆಯೆಂದರೆ, ಗುಂಡಗಿನ ತಳ ಮೂಲೆಗೆ ಹೋಗದು. ಹೋದಲ್ಲಿ ಯಂತ್ರದ ಅಂಚು ಪಕ್ಕದ ಹಲಗೆಗೆ ಬಡಿಯುತ್ತದೆ. ಆದರೆ ಮೂಲೆಗೆ ನಿಮ್ಮ ಬಳಿ ಮೊದಲನೆಯ ಯಂತ್ರ ಇದ್ದೇ ಇದೆಯಲ್ಲ! ಈ ಎರಡರ ಜೋಡಿ ಒಳ್ಳೆಯದೆನ್ನಲು ಅದೇ ಕಾರಣ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಮೂರನೆಯದು ಇಸ್ತ್ರಿಪೆಟ್ಟಿಗೆಯ ಮೂತಿಯಂಥ ತ್ರಿಕೋನ ತಳದ ಡೀಟೇಲ್ ಸ್ಯಾಂಡರ್. ಕುರ್ಚಿಯ ಕಾಲಿನ ಸಂದು, ಕಿಟಕಿಯ ಚೌಕಟ್ಟಿನ ಮೂಲೆ, ಹಳೆಯ ತೊಟ್ಟಿಲಿನ ಕಡ್ಡಿಗಳ ನಡುವೆ ಇದು ಉಪಯುಕ್ತ. ಹಳೆಯ ಪೀಠೋಪಕರಣಗಳ ದುರಸ್ತಿಯೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಇದು ಸರಿಯಾದ ಎರಡನೆಯ ಯಂತ್ರವಾಗಬಹುದು. ಮೇಜಿನ ಹಲಗೆಗೆ ಮಾತ್ರ ಇದನ್ನು ಹಿಡಿದರೆ ದಿನವಿಡೀ ಉಜ್ಜುತ್ತಿರಬೇಕಾದೀತು.

ನಾಲ್ಕನೆಯದು ಮೇಜಿಗೆ ಬಿಗಿಯುವ ಡಿಸ್ಕ್ ಅಥವಾ ಬೆಲ್ಟ್ ಯಂತ್ರ. ಇಲ್ಲಿ ಯಂತ್ರ ಸ್ಥಿರ. ಮರವನ್ನು ನಾವು ಅದರ ಬಳಿ ಒಯ್ಯುತ್ತೇವೆ. ಮಕ್ಕಳ ಆಟಿಕೆ, ಸಣ್ಣ ಪೆಟ್ಟಿಗೆ, ಪೆನ್ನಿನ ಸ್ಟ್ಯಾಂಡ್‌ನಂತಹ ಸಣ್ಣ ತುಂಡುಗಳ ಕೆಲಸ ಮಾಡುವವರಿಗೆ ಇದು ಅನುಕೂಲ. ಜಾಗ ಬೇಕು, ಧೂಳು ಧಾರಾಳ.

ಇನ್ನೊಂದು ವಸ್ತುವನ್ನು ಇಲ್ಲಿ ಎಣಿಸಿಲ್ಲ, ಬೇಕೆಂದೇ ಎಣಿಸಿಲ್ಲ. ಕಬ್ಬಿಣ ಕತ್ತರಿಸುವ ಆಂಗಲ್ ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಮರ ಉಜ್ಜುವ ಅಭ್ಯಾಸ ನಮ್ಮಲ್ಲಿ ಬಹಳ. ಅಗ್ಗ, ವೇಗ ಎಂಬುದು ನಿಜ. ಆದರೆ ನಿಮಿಷಕ್ಕೆ 10,000 ಸುತ್ತುಗಳಿಗೂ ಹೆಚ್ಚು ವೇಗದಲ್ಲಿ ತಿರುಗುವ ಆ ಯಂತ್ರ ಧೂಳನ್ನು ಹಿಡಿಯುವುದಿಲ್ಲ, ಎರಚುತ್ತದೆ. ಕೈ ಜಾರಿದರೆ ಗಾಯವೂ ಸಣ್ಣದಾಗಿರುವುದಿಲ್ಲ. ಮನೆಯ ಜಗಲಿಗೆ ಅದು ಸಲ್ಲದು.

ಅಂಗಡಿಯಲ್ಲಿ ಏನು ನೋಡಬೇಕು?

ನಾನು ಕೊನೆಗೆ ಆರಿಸಿದ್ದು 125 ಮಿ.ಮೀ.ನ ರಾಂಡಮ್ ಆರ್ಬಿಟಲ್. ಕಂಪೆನಿಯ ಹೆಸರಿಗಿಂತ ಮುಖ್ಯವಾದ ಕೆಲವು ಸಂಗತಿಗಳಿವೆ.

ವಿದ್ಯುತ್ ಶಕ್ತಿ 250ರಿಂದ 300 ವ್ಯಾಟ್ ಇದ್ದರೆ ಹವ್ಯಾಸಿಗೆ ಸಾಕು. 300 ವ್ಯಾಟಿನ ಯಂತ್ರ ಒಂದು ಗಂಟೆ ಪೂರ್ಣವಾಗಿ ನಡೆದರೆ ಮೀಟರಿನಲ್ಲಿ ಏರುವುದು 0.3 ಯುನಿಟ್. ಕರೆಂಟ್ ಬಿಲ್ಲಿನ ಭಯ ಬೇಡ.

ವೇಗವನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುವ ಯಂತ್ರಕ್ಕೆ ಸ್ವಲ್ಪ ಹೆಚ್ಚು ಕೊಡಬೇಕಾಗಿ ಬಂದರೂ ಅದು ದುಂದಲ್ಲ. ಹಳೆಯ ವಾರ್ನಿಶ್ ತೆಗೆಯುವಾಗ ಪೂರ್ಣ ವೇಗದಲ್ಲಿ ವಾರ್ನಿಶ್ ಬಿಸಿಯಾಗಿ ಕರಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ; ವೇಗ ಇಳಿಸಿದರೆ ಕಾಗದ ಉಳಿಯುತ್ತದೆ.

ಕಾಗದದ ಖರ್ಚನ್ನು ಯಾರೂ ಮೊದಲು ಲೆಕ್ಕ ಹಾಕುವುದಿಲ್ಲ. ಚೌಕ ಸ್ಯಾಂಡರಿಗೆ ಸಾದಾ ಹಾಳೆಯ ಕಾಲು ತುಂಡು ಸಾಕಿತ್ತು. ಗುಂಡಗಿನ ಯಂತ್ರಕ್ಕೆ ವೆಲ್ಕ್ರೋದಲ್ಲಿ ಅಂಟುವ ಡಿಸ್ಕ್ ಬೇಕು, ಬೆಲೆ ಹಲವು ಪಟ್ಟು ಹೆಚ್ಚು. ಧೂಳು ಹೀರಲು ಡಿಸ್ಕಿನಲ್ಲಿ ತೂತುಗಳಿರುತ್ತವೆ. ಆ ತೂತುಗಳು ಯಂತ್ರದ ತಳದ ತೂತುಗಳಿಗೆ ಸರಿಯಾಗಿ ಕೂರಬೇಕು. ಎಂಟು ತೂತಿನ ಡಿಸ್ಕ್ ಸಾಮಾನ್ಯ. ನಿಮ್ಮ ಪೇಟೆಯ ಅಂಗಡಿಯಲ್ಲಿ ಯಾವ ಡಿಸ್ಕ್ ಸಿಗುತ್ತದೆಂದು ಮೊದಲು ಕೇಳಿ, ಆಮೇಲೆ ಯಂತ್ರ ಆರಿಸಿ.

ತಳದ ಪ್ಯಾಡ್ ಮತ್ತು ಕಾರ್ಬನ್ ಬ್ರಶ್ ಸವೆಯುವ ಭಾಗಗಳು. ಅವು ಹತ್ತಿರದಲ್ಲಿ ಸಿಗುತ್ತವೆಯೇ ಎಂದು ವಿಚಾರಿಸಿ. ಎರಡು ತಿಂಗಳಲ್ಲಿ ಪ್ಯಾಡ್ ಸವೆದು, ಬದಲಿ ಸಿಗದೆ ಮೂಲೆ ಸೇರಿದ ಯಂತ್ರಗಳನ್ನು ಕಂಡಿದ್ದೇನೆ.

ವಿದೇಶದಿಂದ ಯಾರಾದರೂ ತಂದುಕೊಡುವುದಾದರೆ ಯಂತ್ರದ ಮೇಲೆ ಅಂಟಿಸಿದ ಫಲಕದಲ್ಲಿ ವೋಲ್ಟೇಜ್ ಓದಲು ಹೇಳಿ. ದುಬೈಯ ಯಂತ್ರ ನಮ್ಮಲ್ಲಿ ನಡೆಯುತ್ತದೆ, ಪ್ಲಗ್ ಮಾತ್ರ ಬೇರೆ. ಸೌದಿಯ ಹಳೆಯ ಮನೆಗಳಲ್ಲಿ ಬಳಸುತ್ತಿದ್ದ 110 ಅಥವಾ 127 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಮೋಟಾರು ಸುಟ್ಟುಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಧೂಳು ಹೊರಹೋಗುವ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಜೋಡಿಸಲು ಆಗುತ್ತದೆಯೇ ಎಂಬುದು. ಈ ಒಂದು ಪ್ರಶ್ನೆಗೆ "ಇಲ್ಲ" ಎಂದಾದರೆ ಆ ಯಂತ್ರ ಎಷ್ಟೇ ಅಗ್ಗವಾಗಿದ್ದರೂ ಬೇಡ. ಏಕೆಂದು ಮುಂದೆ ಹೇಳುತ್ತೇನೆ.

ಧೂಳಿನ ಲೆಕ್ಕ

ಮರದ ಹುಡಿ ಪ್ರಕೃತಿಯ ವಸ್ತು, ಅದರಿಂದೇನೂ ಆಗದು ಎಂದು ನಾವೆಲ್ಲ ಭಾವಿಸುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಇಂಗ್ಲೆಂಡಿನ ಹೈ ವಿಕಂಬ್ ಎಂಬ ಪಟ್ಟಣ ಕುರ್ಚಿ ತಯಾರಿಗೆ ಹೆಸರಾದದ್ದು. ಅಲ್ಲಿನ ಮೂಗು ಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಅವರ ಬಳಿ ಬರುತ್ತಿದ್ದವರಲ್ಲಿ ಮೂಗಿನ ಒಂದು ಅಪರೂಪದ ಕ್ಯಾನ್ಸರ್ ಪೀಠೋಪಕರಣ ಕೆಲಸಗಾರರಲ್ಲೇ ಹೆಚ್ಚಾಗಿ ಕಂಡಿತು. ಅವರೂ ಸಂಶೋಧಕ ಡೊನಾಲ್ಡ್ ಆಚಿಸನ್ ಮತ್ತು ಸಂಗಡಿಗರೂ ನಡೆಸಿದ ಅಧ್ಯಯನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗಳ ಅಂಟಿನಲ್ಲಿ ಬಳಸುವ ಫಾರ್ಮಾಲ್ಡಿಹೈಡ್‌ ಬಗ್ಗೆಯೂ 2004ರಲ್ಲಿ ಅದೇ ತೀರ್ಮಾನಕ್ಕೆ ಬಂತು.

ಇದನ್ನು ಓದಿ ಯಾರೂ ಹೆದರಿ ಯಂತ್ರ ಮಾರಬೇಕಾಗಿಲ್ಲ. ಆ ಕೆಲಸಗಾರರು ವರ್ಷಗಟ್ಟಲೆ ದಿನವಿಡೀ ಧೂಳಿನಲ್ಲಿ ದುಡಿದವರು. ನಾವು ವಾರಕ್ಕೆ ಎರಡು ಗಂಟೆ ಉಜ್ಜುವವರು. ಆದರೆ ದಮ್ಮು, ಅಲರ್ಜಿ, ಸೀನು, ಕಣ್ಣುರಿ ಬರಲು ವರ್ಷಗಳು ಬೇಕಾಗಿಲ್ಲ. ಅಲ್ಲದೆ ಕಾರ್ಖಾನೆಯಲ್ಲಿ ಮಕ್ಕಳು ಮಲಗುವುದಿಲ್ಲ, ನಮ್ಮ ಜಗಲಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ಉಳಿ, ಕೀಸುಳಿಗಳಿಂದ ಬರುವ ಸಿಪ್ಪೆ ಕಾಲಬುಡದಲ್ಲಿ ಬೀಳುತ್ತದೆ. ಸ್ಯಾಂಡರಿನ ಹುಡಿ ಹಾಗಲ್ಲ. ಕಣ್ಣಿಗೆ ಕಾಣದ ನಯವಾದ ಭಾಗ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಯಂತ್ರದ ಹಿಂದಿರುವ ಬಟ್ಟೆಯ ಚೀಲ ದಪ್ಪ ಹುಡಿಯನ್ನು ಹಿಡಿಯುತ್ತದೆ. ಅತಿ ನಯವಾದದ್ದು ಬಟ್ಟೆಯ ಮೂಲಕವೇ ಹೊರಬರುತ್ತದೆ.

ಹಳದಿ ನೀರಿನ ಆ ದಿನ ರಾತ್ರಿ ನಾನು ಮಡದಿಯ ಬಳಿ ವಿಷಯ ತೆಗೆದೆ. ಅವಳು ಒಳಕೋಣೆಯ ಸೊಳ್ಳೆಪರದೆಯ ಮೇಲ್ಭಾಗವನ್ನು ಬೆರಳಿನಿಂದ ಒರೆಸಿ ತೋರಿಸಿದಳು. ಬೆರಳು ಹಳದಿ. "ಮಗಳಿಗೆ ಭಾನುವಾರ ರಾತ್ರಿಯೇ ಕೆಮ್ಮು ಜಾಸ್ತಿ ಎಂದು ಎರಡು ತಿಂಗಳಿನಿಂದ ಹೇಳುತ್ತಿದ್ದೇನೆ. ನೀವು ಐಸ್‌ಕ್ರೀಮ್‌ಗೆ ಬೈಯುತ್ತಿದ್ದಿರಿ" ಎಂದಳು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಯಾರಿಗೆ ಮೇಜು ಮಾಡಹೊರಟಿದ್ದೆನೋ ಅವಳ ಉಸಿರಿಗೇ ಆ ಮೇಜಿನ ಹುಡಿ ಹೋಗುತ್ತಿತ್ತು.

ಆಚಾರಿಯವರ ಬಳಿ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಮಗೆ ವರ್ಷಗಳಿಂದ ಮೂಗು ಕಟ್ಟಿರುವುದಾಗಿಯೂ, ಹೊಸದಾಗಿ ಕೊಯ್ದ ಹಲಸಿನ ಹಲಗೆಯ ವಾಸನೆ ಈಗ ತಿಳಿಯುವುದೇ ಇಲ್ಲವೆಂದೂ ಹೇಳಿದರು. ಒಮ್ಮೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ ಎಂದು ಅವರನ್ನು ಒತ್ತಾಯಿಸಿ ಒಪ್ಪಿಸಿದೆ.

ಗಡ್ಡ ಮತ್ತು ಮಾಸ್ಕ್

ಕರವಸ್ತ್ರ, ಶಾಲು, ಬಟ್ಟೆಯ ಮಾಸ್ಕ್ ಇವು ನಯವಾದ ಮರದ ಧೂಳಿಗೆ ಸಾಲವು. 2020ರ ಕೊರೋನಾ ಕಾಲದಲ್ಲಿ ಎನ್-95 ಮಾಸ್ಕ್‌ನ ಹೆಸರು ಎಲ್ಲರಿಗೂ ಪರಿಚಯವಾಯಿತು. ಭಾರತೀಯ ಮಾನಕ ಐಎಸ್ 9473ರಲ್ಲಿ ಎಫ್‌ಎಫ್‌ಪಿ-2 ಎಂದು ಗುರುತಿಸಿದ ಮಾಸ್ಕ್ ಕೂಡ ಸರಿ. ಆದರೆ ಇವು ಕೆಲಸ ಮಾಡುವುದು ಅಂಚು ಚರ್ಮಕ್ಕೆ ಗಾಳಿಯಾಡದಂತೆ ಅಂಟಿಕೊಂಡಾಗ ಮಾತ್ರ. ಗಡ್ಡವಿದ್ದರೆ ಕೂದಲಿನ ನಡುವಿನಿಂದ ಗಾಳಿ, ಅದರ ಜೊತೆ ಧೂಳು ಒಳನುಗ್ಗುತ್ತದೆ. ಇದನ್ನು ನಮ್ಮ ಸಹೋದರರು ಗಮನಿಸಬೇಕು. ಮಾಸ್ಕ್ ಹಾಕಿದ್ದೇನೆ ಎಂಬ ಧೈರ್ಯವೇ ಇಲ್ಲಿ ಮೋಸ ಮಾಡುತ್ತದೆ. ತಲೆ ಮುಖ ಪೂರ್ತಿ ಮುಚ್ಚಿ, ಬ್ಯಾಟರಿಯ ಫ್ಯಾನಿನಿಂದ ಶುದ್ಧ ಗಾಳಿ ಕೊಡುವ ಸಾಧನಗಳು ಗಡ್ಡದವರಿಗೂ ಆಗುತ್ತವೆ, ಆದರೆ ಅವುಗಳ ಬೆಲೆ ಸ್ಯಾಂಡರಿಗಿಂತ ಬಹಳ ಹೆಚ್ಚು.

ಹಾಗಾದರೆ ದಾರಿ ಏನು? ಧೂಳು ಗಾಳಿಗೆ ಸೇರುವ ಮೊದಲೇ ಅದನ್ನು ಹಿಡಿಯುವುದು. ನಾನು ಸ್ಯಾಂಡರಿಗಾಗಿ ಕೂಡಿಟ್ಟ ಹಣವನ್ನು ಎರಡು ಭಾಗ ಮಾಡಿದೆ. ಒಂದರಲ್ಲಿ ರಾಂಡಮ್ ಆರ್ಬಿಟಲ್ ಬಂತು. ಇನ್ನೊಂದರಲ್ಲಿ ಒಣ ಹುಡಿ, ನೀರು ಎರಡನ್ನೂ ಎಳೆಯುವ ಬಗೆಯ ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಹಳೆಯದಾಗಿ ಕೊಂಡು, ಹೊಸ ಫಿಲ್ಟರ್ ಹಾಕಿಸಿದೆ. ಕೊಳವೆಯ ಬಾಯಿ, ಯಂತ್ರದ ಬಾಯಿ ಒಂದೇ ಅಳತೆಯದ್ದಾಗಿರಲಿಲ್ಲ. ಹಳೆಯ ಸೈಕಲ್ ಟ್ಯೂಬಿನ ತುಂಡೊಂದು ಎರಡನ್ನೂ ಬಿಗಿಯಾಗಿ ಕೂಡಿಸಿತು. ವ್ಯಾಕ್ಯೂಮನ್ನು ಜಗಲಿಯ ಹೊರಗಿಟ್ಟೆ. ಅದರ ಫಿಲ್ಟರ್ ಬಿಟ್ಟುಕೊಡುವ ಧೂಳು ಮನೆಯೊಳಗೆ ಬರಬಾರದಲ್ಲ. ಮನೆ ಗುಡಿಸುವ ಸಣ್ಣ ವ್ಯಾಕ್ಯೂಮ್ ಇದಕ್ಕೆ ಬೇಡ, ನಯವಾದ ಹುಡಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಉಳಿದವು ಖರ್ಚಿಲ್ಲದ ಕ್ರಮಗಳು. ಕೆಲಸವನ್ನು ಜಗಲಿಯಿಂದ ಅಂಗಳದ ಕೊನೆಗೆ, ಹಲಸಿನ ಮರದ ನೆರಳಿಗೆ ಒಯ್ದೆ. ಗಾಳಿ ನಮ್ಮ ಬೆನ್ನಿನ ಕಡೆಯಿಂದ ಬೀಸುವಂತೆ ನಿಲ್ಲಬೇಕು; ಅದು ನೆರೆಮನೆಯ ಒಗೆದ ಬಟ್ಟೆಯ ಕಡೆಗೆ ಹೋಗುವಂತಿದ್ದರೆ ಆ ಹೊತ್ತು ಕೆಲಸ ಬೇಡ. ಪೊರಕೆಯಿಂದ ಗುಡಿಸಿದರೆ ಹುಡಿ ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಬಟ್ಟೆಯಲ್ಲೇ ಒಳಹೋಗಿ ಮಗುವನ್ನು ಎತ್ತಿಕೊಳ್ಳಬಾರದು. ಕಿವಿಗೆ ಹತ್ತಿಯ ಬದಲು ಇಯರ್ ಪ್ಲಗ್ ಹಾಕಿದರೆ ಒಳ್ಳೆಯದು. ಇಷ್ಟಾದ ಮೇಲೆ ಮಾಸ್ಕನ್ನೂ ಧರಿಸುತ್ತೇನೆ. ಅದು ಅರ್ಧ ರಕ್ಷಣೆಯೆಂದು ತಿಳಿದೇ ಧರಿಸುತ್ತೇನೆ.

ಬಳಸುವ ಕ್ರಮ

ಹೊಸ ಯಂತ್ರ ಬಂದ ಮೊದಲ ದಿನ ನಾನು ಅದರ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಮತ್ತೆ ಅದೇ ಸುರುಳಿ ಗೀರು! ಒತ್ತಿದಾಗ ತಳದ ತಿರುಗುವಿಕೆ ನಿಂತುಹೋಗಿ, ಅದು ಕೇವಲ ಅಲುಗಾಡುವ ಯಂತ್ರವಾಗುತ್ತದೆ. ಕೈಯ ಭಾರವಷ್ಟೇ ಸಾಕು. ತಳದ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಹಾಕಿಟ್ಟುಕೊಂಡರೆ ಉಜ್ಜುವಾಗ ಅದು ತಿರುಗುತ್ತಿದೆಯೇ ಎಂದು ಕಾಣುತ್ತದೆ. ಯಂತ್ರವನ್ನು ಮರದ ಮೇಲಿಟ್ಟು ಚಾಲೂ ಮಾಡಬೇಕು. ಗಾಳಿಯಲ್ಲಿ ವೇಗ ಪಡೆದ ಯಂತ್ರವನ್ನು ಹಲಗೆಗೆ ತಾಗಿಸಿದರೆ ತಾಗಿದಲ್ಲಿ ಕಚ್ಚುತ್ತದೆ.

ಕಾಗದದ ನಂಬರ್ ದೊಡ್ಡದಾದಷ್ಟೂ ನಯ. ಒರಟಿಗೆ 80, ಅನಂತರ 120, ಕೊನೆಗೆ 180. ಮೇಜು, ಕಪಾಟುಗಳಿಗೆ ಇದು ಸಾಕು. ಇನ್ನೂ ನಯ ಬೇಕಾದವರು 220ಕ್ಕೆ ಹೋಗಬಹುದು. 80ರಿಂದ ನೇರವಾಗಿ 220ಕ್ಕೆ ಹಾರಿದರೆ 80ರ ಗೀರುಗಳನ್ನು ಅಳಿಸಲು 220ಕ್ಕೆ ಶಕ್ತಿಯಿರುವುದಿಲ್ಲ. ಪ್ರತಿ ನಂಬರ್ ಬದಲಿಸುವ ಮೊದಲು ಹಲಗೆಯ ಮೇಲಿನ ಹುಡಿ ಒರೆಸಿ, ಪೆನ್ಸಿಲಿನಿಂದ ಅಲ್ಲಲ್ಲಿ ತೆಳುವಾಗಿ ಗೀಚಿ. ಗೀಚಿದ್ದೆಲ್ಲ ಮಾಸಿದಾಗ ಆ ನಂಬರಿನ ಕೆಲಸ ಒಂದು ಸುತ್ತು ಮುಗಿದಂತೆ. ಕೊನೆಗೆ ಬೆಳಕಿಗೆ ಅಡ್ಡ ಹಿಡಿದು ನೋಡಿ, ಕೈಯಿಂದಲೇ ನಾರಿನ ಉದ್ದಕ್ಕೆ ನಾಲ್ಕು ಸಲ ಉಜ್ಜಿ. ಯಂತ್ರ ಬಿಟ್ಟ ಕೊನೆಯ ಗೀರೂ ನಾರಿನೊಳಗೆ ಅಡಗುತ್ತದೆ.

ಕೊಳ್ಳದಿರುವುದೂ ಒಂದು ಆಯ್ಕೆ

ಆಚಾರಿಯವರು ಹೇಳಿದ ಮೊದಲನೆಯ ಕಾಯಿಲೆಗೆ, ಅಂದರೆ ಹಲಗೆಯ ಏರುತಗ್ಗಿಗೆ, ಯಾವ ಯಂತ್ರವನ್ನೂ ಕೊಳ್ಳಬೇಕಾಗಲಿಲ್ಲ. ಅವರೇ ತಮ್ಮ ಕೀಸುಳಿ ತಂದು ಅರ್ಧ ಗಂಟೆಯಲ್ಲಿ ಹಲಗೆ ಸಮ ಮಾಡಿಕೊಟ್ಟರು. ಕೂಲಿ ಬೇಡವೆಂದರೂ ಒತ್ತಾಯಿಸಿ ಕೊಟ್ಟೆ. ವರ್ಷಕ್ಕೊಮ್ಮೆ ಬೇಕಾಗುವ ಕೆಲಸಕ್ಕೆ ಯಂತ್ರವನ್ನು ಕೊಂಡು ಮೂಲೆಯಲ್ಲಿಡುವುದಕ್ಕಿಂತ, ಅದನ್ನೇ ವೃತ್ತಿಯಾಗಿ ಮಾಡುವವರಿಗೆ ನಾಲ್ಕು ಕಾಸು ಕೊಡುವುದು ಒಳ್ಳೆಯದು. ಬೆಲ್ಟ್ ಸ್ಯಾಂಡರಿನ ಬಗ್ಗೆ ನನ್ನ ಕೊನೆಯ ಮಾತು ಇಷ್ಟೇ: ಬೇಕಾದಾಗ ಬಾಡಿಗೆಗೆ ತನ್ನಿ, ಇಲ್ಲವೇ ಬಲ್ಲವರ ಕೈಗೆ ಕೆಲಸ ಕೊಡಿ.

ಕೆಲವು ಕೆಲಸಗಳಿಗೆ ಕೈಗಿಂತ ಮಿಗಿಲಾದ ಯಂತ್ರವಿಲ್ಲ. ಸಾಂಪ್ರದಾಯಿಕ ರೆಹಾಲನ್ನು ಒಂದೇ ಹಲಗೆ ಸೀಳಿ ಮಾಡುತ್ತಾರೆ. ನಡುವಿನ ಬೆರಳುಗಳಂಥ ಕೀಲು ಅದೇ ಮರದಲ್ಲಿ ಕೊರೆದದ್ದು, ಮೊಳೆಯಿಲ್ಲ, ಅಂಟಿಲ್ಲ. ಆ ಬೆರಳುಗಳ ನಡುವೆ ಯಾವ ಸ್ಯಾಂಡರೂ ಹೋಗದು. ಮಡಚಿದ ಸ್ಯಾಂಡ್ ಪೇಪರ್, ತೆಳ್ಳಗಿನ ಬಿದಿರ ಕಡ್ಡಿ, ತಾಳ್ಮೆ ಇವೇ ಅಲ್ಲಿ ಉಪಕರಣಗಳು. ಮಕ್ಕಳ ಬೆರಳಿಗೆ ಸಿಬಿರು ಚುಚ್ಚುವುದು ಇಂಥ ಕಡೆಯೇ ಆದ್ದರಿಂದ ಅಲ್ಲಿ ಅವಸರ ಸಲ್ಲದು.

ಮೇಜು ಮುಗಿದ ದಿನ ಆಚಾರಿಯವರು ನೋಡಲು ಬಂದರು. ಇನ್ನೊಮ್ಮೆ 220ರಲ್ಲಿ ಉಜ್ಜಬೇಕೆಂದು ನಾನು ಡಿಸ್ಕ್ ಕೈಗೆತ್ತಿಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಅಂಗೈಯನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ಎಳೆದರು. "ಸಾಕು ಮಾಷ್ಟ್ರೇ, ಇನ್ನು ಉಜ್ಜಬೇಡಿ" ಎಂದರು. ನಾನು ಯಂತ್ರ ಒಳಗಿಟ್ಟು, ಹಲಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಗ್ರಿಬ್‌ಗೆ ವುಝೂ ಮಾಡಿದೆ. ಮೂಗಿಗೆಳೆದ ನೀರು ಹೊರಬಂದಾಗ ಬಿಳಿಯಾಗಿತ್ತು. ಮಗಳು ಆ ಭಾನುವಾರ ರಾತ್ರಿ ಕೆಮ್ಮದೆ ಮಲಗಿದಳು. ಅಲ್‌ಹಮ್ದುಲಿಲ್ಲಾಹ್.